ಅಮಾವಾಸ್ಯೆಗೊಮ್ಮೆ ಎಣ್ಣೆ

ಭಾವ ಅರ್ಜಿಯನ್ನು ಟೈಪು ಮಾಡಿಸಿಕೊಂಡೇ ಬಂದಿದ್ದರು. ಮೂರು ಪ್ರತಿ. ಸಹಿ ಎಲ್ಲಿ ಹಾಕಬೇಕೆಂದು ಪೆನ್ಸಿಲ್ಲಿನಿಂದ ಸಣ್ಣ ಗುರುತು.

"ನೀ ಹೆಂಡ್ತಿ, ವಾರಸುದಾರಳು. ನಿನ್ನ ಸಹಿ ಇಲ್ಲಂದ್ರ ಡಿ.ಸಿ. ಆಫೀಸಿನ್ಯಾಗ ಕಾಗದ ತಗೊಳ್ಳೂದಿಲ್ಲಂತ," ಅಂದರು. "ನಾ ಸ್ವಂತ ಅಣ್ಣ ಅದೇನಿ ಅಂದ್ರ ಆ ಕ್ಲಾರ್ಕ್ ನಕ್ಕ."

ಭಾವನ ಹೆಸರು ಈರಣ್ಣ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ, ಶಹಾಪುರದಲ್ಲಿ ಮನೆ. ಬೆಳಗಾವಿಯ ಮಹಾಂತೇಶ ನಗರದ ಈ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಖಾನಾಪುರದ ಕ್ವಾರ್ಟರ್ಸಿನಲ್ಲಿದ್ದು ಹಬ್ಬ, ಅಮಾವಾಸ್ಯೆಗೆ ಮನೆಗೆ ಬಂದುಹೋಗುತ್ತಿದ್ದ ನನ್ನ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಎಂಬತ್ಮೂರರ ಮಾರ್ಚ್ ತಿಂಗಳು.

ಅರ್ಜಿ ಓದಿದೆ. ಮೃತ ಡಾಕ್ಟರ್ ಸಿದರಾಯ ಇವರು ಖಾನಾಪುರದಲ್ಲಿ ಪಶುವೈದ್ಯರಾಗಿದ್ದು, ಅಡವಿಯ ಹಳ್ಳಿಗಳಿಗೆ ಹೋಗಿಬರಬೇಕಾದ್ದರಿಂದ ಆತ್ಮರಕ್ಷಣೆಗೆಂದು ಸದರಿ ಅಂಗಡಿಯಲ್ಲಿ ಹೊಸ ರಿವಾಲ್ವರ್ ಖರೀದಿಸಿದ್ದರು. ಕರಡಿ ಮೇಲೆ ಬಂದಾಗ ಅದು ಹಾರಲಿಲ್ಲ. ದೋಷವುಳ್ಳ ಶಸ್ತ್ರ ಮಾರಿ ಒಂದು ಜೀವಕ್ಕೆ ಎರವಾದ ಅಂಗಡಿಕಾರನ ಪರವಾನಿಗೆ ರದ್ದುಪಡಿಸಬೇಕು. ಕೊನೆಯಲ್ಲಿ ಒಂದು ಸಾಲು: ಸದರಿ ಶಸ್ತ್ರವನ್ನು ಮನೆಯಲ್ಲಿ ಕಾಲಕಾಲಕ್ಕೆ ಸರಿಯಾಗಿ ಒರೆಸಿ ಎಣ್ಣೆ ಹಾಕಿ ಇಡಲಾಗಿತ್ತು.

"ಈ ಸಾಲು ಯಾರು ಬರಸಿದ್ರು?" ಅಂತ ಕೇಳಿದೆ.

"ವಕೀಲರು. ಯಾಕ, ಖರೇ ಅಲ್ಲೇನು? ನೀನ ಒರಸ್ತಿದ್ದೆಲ್ಲ. ಸಿದೂ ಹೇಳ್ತಿದ್ದ, ಗಂಗಾ ಅದನ್ನ ಕೂಸಿನ ಹಂಗ ಜ್ವಾಕಿ ಮಾಡ್ತಾಳ ಅಂತ."

ಖರೇ. ನಾನೇ ಒರೆಸುತ್ತಿದ್ದೆ.

ಪೆನ್ನು ಕೈಯಲ್ಲೇ ಇತ್ತು. ಸಹಿ ಹಾಕಬಾರದೆಂದು ಏನೂ ಇರಲಿಲ್ಲ. ಆ ದಿನಗಳಲ್ಲಿ ಯಾರು ಏನು ಮುಂದಿಟ್ಟರೂ ಸಹಿ ಹಾಕುತ್ತಿದ್ದೆ. ಆ ಸಾಲಿನ ಹತ್ತಿರ ಮಾತ್ರ ಕಣ್ಣು ನಿಂತಿತು, ಮುಂದಕ್ಕೆ ಹೋಗಲಿಲ್ಲ.

"ನಾಳೆ ಖಾನಾಪುರಕ್ಕ ಹೋಗಬೇಕ್ರಿ. ಕ್ವಾರ್ಟರ್ಸ್ ಖಾಲಿ ಮಾಡಿ ಕೀಲಿಕೈ ಕೊಡೂದೈತಿ. ಬಂದು ಮಾಡ್ತೀನಿ."

"ಒಂದ್ ಸಹಿಗೆ ಖಾನಾಪುರಕ್ಕ ಹೋಗಿ ಬರಬೇಕೇನು?"

"ಎಂ.ಎಸ್ಸಿ. ಕಲತವರಪ್ಪಾ," ಅಂತ ಅಡುಗೆಮನೆಯಿಂದ ಅತ್ತೆ ಅಂದರು. "ಎಲ್ಡು ಸಲ ಓದದ ಸಹಿ ಮಾಡೂದಿಲ್ಲ. ನಮ್ಮಂಗ ಹೆಬ್ಬಟ್ಟೇನು, ಒತ್ತಿ ಕೊಟ್ಟು ರೊಟ್ಟಿ ಬಡಿಯಾಕ ಹೋಗಾಕ?"

ಭಾವ ಕಾಗದಗಳನ್ನು ಟೇಬಲ್ಲಿನ ಮೇಲೆ ಇಟ್ಟು ಅದರ ಮೇಲೆ ಪೆನ್ನಿಟ್ಟರು. "ಆ ಮುದುಕ ಇನ್ನೊಬ್ಬರ ಮನಿ ಹಾಳ ಮಾಡೂದಕ್ಕಿಂತ ಮದ್ಲ ಅಂಗಡಿ ಮುಚ್ಚಬೇಕು," ಅಂದು ಸ್ಕೂಟರ್ ಹತ್ತಿದರು. ಹೋಗುವಾಗ ಕಣ್ಣೊರೆಸಿಕೊಂಡರು. ತಮ್ಮನನ್ನು ಅವರೇ ಓದಿಸಿದ್ದು.

ರಿವಾಲ್ವರ್ ಕೊಂಡಿದ್ದು ಹಿಂದಿನ ಆಗಸ್ಟಿನಲ್ಲಿ. ಲೈಸನ್ಸಿಗೆ ನನ್ನ ಗಂಡ ಒಂದೂವರೆ ವರ್ಷ ಅಲೆದಿದ್ದರು. ಖಡೇಬಜಾರಿನ ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯ ಕೃಷ್ಣಾಜಿರಾವ್ ಕರಿ ಟೋಪಿಯ ಹಿರಿಯರು. ಅರ್ಧ ಮರಾಠಿ, ಅರ್ಧ ಕನ್ನಡ. ಅವರು ಇದನ್ನು ಮಾರಲು ಮೊದಲು ಒಪ್ಪಿರಲಿಲ್ಲ.

"ಡಾಕ್ಟರ್ ಸಾಹೇಬ್ರ, ಅಡವಿಗೆ ಜೋಡನಳಿಗಿ ಬಂದೂಕ ಬೇಕ್ರಿ. ಇದು ಕಿಸೇದಾಗಿನ ಆಟಿಗಿ."

"ಎಮ್ಮಿ ಈಯಸಾಕ ಹೋಗೂವಾಗ ಹೆಗಲ ಮ್ಯಾಲ ಜೋಡನಳಿಗಿ ಹಾಕ್ಕೊಂಡು ಹೋದ್ರ ಎಮ್ಮಿ ಮಾಲಕನ ಓಡಿ ಹೋಗ್ತಾನ್ರಿ," ಅಂದರು ಇವರು. "ನನಗೇನು ಕರಡಿ ಹೊಡಿಯೂದೈತೇನು? ಸಪ್ಪಳ ಆದ್ರ ಸಾಕು, ಅದು ತನ್ನ ದಾರಿ ಹಿಡೀತೈತಿ."

ನನ್ನ ಅಂಗೈ ದಾಟಿ ಸ್ವಲ್ಪ ಹೊರಗೆ ಬರುವಷ್ಟು ಉದ್ದ. ಆರು ಗುಂಡು. ಮಾರನೆಯ ದಿನ ಖಾನಾಪುರದ ಹೊರಗೆ, ಹೆಂಚಿನ ಕಾರಖಾನೆಗೆ ಮಣ್ಣು ತೆಗೆದು ಬಿಟ್ಟ ಗುಂಡಿಯಲ್ಲಿ ನಿಂತು ಎರಡು ಹಾರಿಸಿದರು. ಎರಡೂ ಹಾರಿದವು. ನಾನು ಕಿವಿ ಮುಚ್ಚಿಕೊಂಡು ನಕ್ಕೆ. ವರ್ಷಕ್ಕೆ ಇಷ್ಟೇ ಕಾಡತೂಸು ಅಂತ ಲೈಸನ್ಸಿನಲ್ಲಿ ಬರೆದಿದ್ದರಿಂದ ಅಷ್ಟಕ್ಕೇ ನಿಲ್ಲಿಸಿದರು. ಆಮೇಲೆ ಒಂದೂ ಹಾರಿಸಲಿಲ್ಲ.

ಡಿಸೆಂಬರಿನಲ್ಲಿ ಒಮ್ಮೆ, ಗುಂಡು ತುಂಬುವ ಚಕ್ರ ಬಿಗಿಯಾಗಿ ತಿರುಗುತ್ತದೆ ಅಂದರು. ಗುಂಡಿನ ತಳಕ್ಕೆ ಬಡಿಯುವ ಕುದುರೆ ಎಳೆದರೆ ಮೆಲ್ಲಗೆ ಬೀಳುತ್ತದೆ ಅಂದರು. ಅಂಗಡಿಯಲ್ಲಿ ತೋರಿಸುತ್ತೇನೆ ಅಂದರು. ಮರುದಿನ ಸಂಜೆ, "ಹೊಸಾದು. ಸವದ್ರ ಸಡಲ ಆಕೈತಿ," ಅಂತ ತಾವೇ ಹೇಳಿಕೊಂಡರು. ತೋರಿಸಿದರೋ ಇಲ್ಲವೋ ನಾನು ಕೇಳಲಿಲ್ಲ.

ಖಾನಾಪುರದಲ್ಲಿ ಹಣಮಪ್ಪ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕುಳಿತಿದ್ದ. ದವಾಖಾನೆಯ ಜವಾನ. ಆ ದಿನ ಇವರ ಜೊತೆ ಇದ್ದವನು. ಎರಡು ತಿಂಗಳಲ್ಲಿ ನನ್ನ ಎದುರಿಗೆ ಬಂದಿರಲಿಲ್ಲ. ಪಂಚನಾಮೆಯಲ್ಲಿ ಅವನು ಹೇಳಿದ್ದನ್ನು ಭಾವ ಓದಿ ಹೇಳಿದ್ದರು, ಅಷ್ಟೇ.

ಸಾಮಾನು ಹೆಚ್ಚಿರಲಿಲ್ಲ. ಪುಸ್ತಕ, ಎರಡು ಕುರ್ಚಿ, ಪಾತ್ರೆ. ಗೋಣಿಚೀಲದಲ್ಲಿ ಪಾತ್ರೆ ತುಂಬುತ್ತ ಹಣಮಪ್ಪ ತಾನೇ ಮಾತು ತೆಗೆದ.

"ಅಕ್ಕಾರ, ನಾ ಗಿಡಾ ಹತ್ತಿದ್ನಿರಿ."

"ಗೊತ್ತೈತಿ ಹಣಮಪ್ಪ."

"ಸಾಹೇಬ್ರ ಹತ್ತು ಅಂದ್ರು. ಹಿಂದ ಸರದ ಹತ್ತಿದ್ನಿ. ಮರಿ ಕರಕೊಂಡು ಬಂದಿತ್ತು ಅದು. ಬೆಳಕ ಹರದಿತ್ರಿ, ಛಂದಂಗ ಕಾಣ್ತಿತ್ತು. ಸಾಹೇಬ್ರ ಓಡಲಿಲ್ಲ. ಕಿಸೇದಾಗಿಂದ ತಗದು ಮ್ಯಾಲ ಆಕಾಶಕ್ಕ ಹಿಡದ್ರು. ಮದ್ಲ ಅದಕ್ಕ ಹಿಡೀಲಿಲ್ರಿ, ಆಕಾಶಕ್ಕ ಹಿಡದ್ರು." ಅವನು ತವೆಯನ್ನು ಚೀಲದೊಳಗೆ ಇಟ್ಟು ಮತ್ತೆ ಹೊರಗೆ ತೆಗೆದ. "ಟಿಕ್ ಅಂತು. ಮತ್ತ ಟಿಕ್. ನಾಕ ಸಲ. ಐದನೇದು ಆ ಚಕ್ರಾನ ತಿರಗಲಿಲ್ಲ. ಸಾಹೇಬ್ರ ಒಮ್ಮಿ ಅದರ ಕಡೆ ಹಿಂಗ ನೋಡಿದ್ರು."

"ಹೆಂಗ?"

"ಹಿಂಗ, ರೀ. ಕೆಟ್ಟ ಹೋದ ಗಡಿಯಾರ ನೋಡ್ತಾರಲ್ಲ, ಹಂಗ."

ನಾನು ಮೇಜಿನ ಡ್ರಾವರ್ ಖಾಲಿ ಮಾಡುತ್ತಿದ್ದೆ. ಥರ್ಮಾಮೀಟರು, ರಸೀತಿ ಪುಸ್ತಕ, ಸೂಜಿಗಳ ಡಬ್ಬಿ. ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಬಾಟಲಿ ಸಿಕ್ಕಿತು. ರಿವಾಲ್ವರಿನ ಜೊತೆ ಅಂಗಡಿಯಲ್ಲಿ ಕೊಟ್ಟಿದ್ದ ಎಣ್ಣೆ. ನೀರಿನಷ್ಟು ತಿಳಿ. ಮುಚ್ಚಳದ ಮೇಲಿನ ಮೇಣ ಹಾಗೇ ಇತ್ತು. ಒಡೆದಿರಲೇ ಇಲ್ಲ.

"ಇದು ಇಲ್ಲೇ ಇತ್ತೇನು ಹಣಮಪ್ಪ?"

"ಅದು ತಂದಾಗಿನಿಂದ ಇಲ್ಲೇ ಐತ್ರಿ. ಸಾಹೇಬ್ರ ಅಂತಿದ್ರು, ನಮ್ಮವರು ಹಚ್ಚತಾರ, ನನಗ ಆ ಕಾಳಜಿ ಇಲ್ಲ ಅಂತ."

ಕುರ್ಚಿಯ ಮೇಲೆ ಕುಳಿತೆ. ಅವನು ನೀರು ತಂದುಕೊಟ್ಟ. ಕುಡಿದೆ. ಕೀಲಿಕೈ ಕೊಟ್ಟೆ. ಹಣಮಪ್ಪ ಚೀಲಗಳನ್ನು ಬಸ್ಸಿನ ಮೇಲೆ ಹಾಕಿ ಕೆಳಗೆ ನಿಂತೇ ಇದ್ದ.

ಬಸ್ಸಿನಲ್ಲಿ ಎಲ್ಲ ನೆನಪಾಯಿತು. ಮರೆತಿದ್ದೆ ಅಂತಲ್ಲ. ಅದನ್ನು ಇದರ ಜೊತೆ ಇಟ್ಟು ನೋಡಿರಲಿಲ್ಲ.

ಖಂಡೇನವಮಿಯ ಆಯುಧಪೂಜೆಗೆ ಇವರು ಬೆಳಗಾವಿಯ ಮನೆಗೆ ಬಂದಿದ್ದರು. ಅತ್ತೆ ಮಣೆಯ ಮೇಲೆ ಎಲ್ಲ ಜೋಡಿಸಿದ್ದರು. ಈಳಿಗೆ, ಕುಡುಗೋಲು, ಇವರ ಕತ್ತರಿ, ದನಕ್ಕೆ ಚುಚ್ಚುವ ದೊಡ್ಡ ಸಿರಿಂಜು, ಕರು ಎಳೆಯುವ ಹಗ್ಗ. ನಡುವೆ ಹೊಸ ರಿವಾಲ್ವರ್, ತಾಟಿನಲ್ಲಿ ಆರು ಕಾಡತೂಸು. ಎಲ್ಲಕ್ಕೂ ನೀರು ಹಚ್ಚಿದ ವಿಭೂತಿಯ ಮೂರು ಗೆರೆ, ಮೇಲೆ ಕುಂಕುಮ. ಮಧ್ಯಾಹ್ನ ಇವರು ಮತ್ತು ಭಾವ ಊಟ ಮಾಡಿ ಮಲಗಿದರು. ಅತ್ತೆ ಮಠಕ್ಕೆ ಹೋದರು. ಮಣೆಯ ಮೇಲೆ ವಿಭೂತಿಯ ಹಸಿ ಆರುತ್ತಿತ್ತು. ರಿವಾಲ್ವರಿಗೆ ತುಕ್ಕು ಹಿಡಿಯುತ್ತದೆ ಅನಿಸಿತು. ಅಷ್ಟು ಅಲೆದು ತಂದದ್ದು. ಅರಿವೆ ತಗೊಂಡು ಒರೆಸಿದೆ. ಎಣ್ಣೆಯ ಬಾಟಲಿ ಖಾನಾಪುರದಲ್ಲಿತ್ತು. ಅಡುಗೆಮನೆಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಇತ್ತು. ಎಣ್ಣೆ ಎಣ್ಣೆಯೇ ಅಂದುಕೊಂಡೆ. ಸಂದು ಸಂದಿಗೂ ಹನಿ ಬಿಟ್ಟೆ. ಕಾಡತೂಸುಗಳನ್ನೂ ಒಂದೊಂದಾಗಿ ಎಣ್ಣೆಯ ಅರಿವೆಯಿಂದ ಉಜ್ಜಿದೆ.

ಎದ್ದು ಬಂದು ನೋಡಿ ಇವರು ನಕ್ಕರು. "ಮದಮಗಳ ಹಂಗ ಮಿಂಚಾಕತ್ತೈತಿ," ಅಂದರು.

ಆ ಮಾತಿಗಾಗಿಯೇ ಮುಂದೆ ಅಮಾವಾಸ್ಯೆಗೊಮ್ಮೆ ಹಚ್ಚಿದೆ. ಅಮಾವಾಸ್ಯೆಗೆ ಮೋಟಾರ್ ಸೈಕಲ್ಲಿಗೆ ಪೂಜೆ ಇದ್ದೇ ಇರುತ್ತಿತ್ತು. ಅದರ ಜೊತೆಗೆ ಇದಕ್ಕೂ, ಅತ್ತೆ ಮಠಕ್ಕೆ ಹೋದ ಹೊತ್ತಿಗೆ. ದೀಪಾವಳಿಯದು, ಡಿಸೆಂಬರಿನದು, ಸಂಕ್ರಾಂತಿಯ ದಿನದ್ದು. ಮೂರು ಅಮಾವಾಸ್ಯೆ.

ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಎರಡನೆಯ ವರ್ಷಕ್ಕೆ ಒಣಗುವ ಎಣ್ಣೆಗಳು ಅಂತ ಒಂದು ಪಾಠವಿತ್ತು. ಅಗಸಿ, ಕುಸುಬಿ. ತೆಳ್ಳಗೆ ಹಚ್ಚಿ ಬಿಟ್ಟರೆ ಗಾಳಿಯಿಂದ ಆಮ್ಲಜನಕ ಹೀರಿ ಅಂಟಾಗುತ್ತವೆ, ಆಮೇಲೆ ಗಟ್ಟಿ ಪೊರೆಯಾಗುತ್ತವೆ. ಬಣ್ಣ ಮಾಡುವವರಿಗೆ ಬೇಕಾದದ್ದು ಅದೇ ಗುಣ. ಪರೀಕ್ಷೆಯಲ್ಲಿ ಪ್ರಶ್ನೆ ಬಂದಿತ್ತು. ಪೂರ್ತಿ ಉತ್ತರ ಬರೆದಿದ್ದೆ. ಅತ್ತೆಯ ಎಣ್ಣೆ ಡಬ್ಬಿಯ ಬಾಯಿಗೆ ಕಟ್ಟುವ ಕಂದು ಅಂಟನ್ನು ವಾರಕ್ಕೊಮ್ಮೆ ಬೂದಿ ಹಾಕಿ ತಿಕ್ಕುತ್ತಿದ್ದವಳೂ ನಾನೇ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಖಡೇಬಜಾರಿಗೆ ಹೋದೆ. ಅತ್ತೆಗೆ ಪೋಸ್ಟಾಫೀಸು ಅಂದೆ.

ಕೃಷ್ಣಾಜಿರಾವ್ ನನ್ನನ್ನು ನೋಡಿ ಎದ್ದು ನಿಂತರು. ಅರ್ಜಿಯ ಸುದ್ದಿ ಅವರಿಗೆ ತಲುಪಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗೋಡೆಯ ಚೌಕಟ್ಟಿನಲ್ಲಿ ಅವರ ತಂದೆಯ ಕಾಲದ ಲೈಸನ್ಸು ಇತ್ತು.

"ಬಾ ತಾಯಿ, ಕುಂದ್ರು. ಚಹಾ ತರಸ್ಲಿ?"

"ಬ್ಯಾಡ್ರಿ. ಅದನ್ನ ಬಿಚ್ಚಿ ನೋಡಬೇಕಾಗಿತ್ತು."

ಪೊಲೀಸರು ಪಂಚನಾಮೆ ಮುಗಿಸಿ, ವಾರಸುದಾರರು ಏನಾದರೂ ತೀರ್ಮಾನ ಮಾಡುವವರೆಗೆ ಅಂತ, ಅದನ್ನು ಕೊಂಡ ಅಂಗಡಿಯಲ್ಲೇ ಇಡಿಸಿದ್ದರು. ಒಳಗಿನಿಂದ ಬಟ್ಟೆಯ ಚೀಲ ತಂದರು. ಇವರ ಹೆಸರಿನ ಚೀಟಿ ಕಟ್ಟಿತ್ತು.

"ನೀನ ಬಂದು ಕೇಳಿದ್ದು ಛಲೋ ಆತು. ವಾರಸುದಾರರ ಕಣ್ಣ ಮುಂದ ಅಲ್ಲದ ಬಿಚ್ಚಬಾರ್ದು ಅಂತ ನಾ ಮುಟ್ಟಿಲ್ಲ. ಬಿಚ್ಚಿದ್ರ, ಮುದುಕ ಒಳಗ ಏನರ ಮಾಡ್ದಾ ಅಂತಾರ."

ಸಣ್ಣ ಸ್ಕ್ರೂಡ್ರೈವರಿನಿಂದ ಪಕ್ಕದ ತಗಡು ತೆಗೆಯಲು ನೋಡಿದರು. ಸ್ಕ್ರೂ ಬಂತು, ತಗಡು ಬರಲಿಲ್ಲ. ಮರದ ಹಿಡಿಯಿಂದ ಎರಡು ಸಲ ಮೆಲ್ಲಗೆ ತಟ್ಟಿದರು. ಅಂಟು ಬಿಟ್ಟ ಸಪ್ಪಳದೊಂದಿಗೆ ಎದ್ದಿತು. ಒಳಗೆ ಬೆಲ್ಲದ ಪಾಕ ಚೆಲ್ಲಿ ಒಣಗಿದ ಹಾಗಿತ್ತು. ಸ್ಪ್ರಿಂಗಿನ ಸುತ್ತ ಕಂದು ಪದರ. ಅದರಲ್ಲಿ ಬಿಳಿ ಪುಡಿ ಸಿಕ್ಕಿತ್ತು. ವಿಭೂತಿ.

ಅವರು ಮೂಗಿನ ಹತ್ತಿರ ಹಿಡಿದರು. ನನ್ನ ಕಡೆ ನೋಡಲಿಲ್ಲ.

"ಅಡಗಿ ಎಣ್ಣಿ."

"ಕುಸುಬಿ," ಅಂದೆ.

"ನೀನ?"

"ಹೂಂನ್ರಿ."

ಅವರು ಚೀಲದಲ್ಲಿದ್ದ ಕಾಡತೂಸುಗಳನ್ನು ಕಾಗದದ ಮೇಲೆ ಸಾಲಾಗಿ ನಿಲ್ಲಿಸಿ ಭೂತಗನ್ನಡಿಯಿಂದ ನೋಡಿದರು. ನಾಲ್ಕರ ತಳದ ತಾಮ್ರದ ಟೋಪಿಯ ಮೇಲೆ ಪೆಟ್ಟಿನ ಗುರುತು. ಎರಡಕ್ಕೆ ಕುದುರೆಯ ಸೂಜಿ ಬರೀ ಮುಟ್ಟಿತ್ತು. ಕುದುರೆ ಅಂಟಿನಲ್ಲಿ ಎಳೆದುಕೊಂಡು ಬಂದದ್ದರಿಂದ ಬಲವಿರಲಿಲ್ಲ. ಇನ್ನೆರಡಕ್ಕೆ ಪೆಟ್ಟು ಸರಿಯಾಗಿ ಬಿದ್ದಿತ್ತು, ಆದರೆ ಎಣ್ಣೆ ಟೋಪಿಯೊಳಗೆ ಇಳಿದು ಮದ್ದು ಸತ್ತಿತ್ತು. ಇದನ್ನೆಲ್ಲ ಅವರು ಪಾಠ ಹೇಳುವವರ ಹಾಗೆ ನಿಧಾನವಾಗಿ ತೋರಿಸಿದರು. ನಾನು ವಿದ್ಯಾರ್ಥಿನಿಯ ಹಾಗೆ ನೋಡಿದೆ.

"ನೀ ಒಬ್ಬಾಕಿ ಅಲ್ಲವ್ವ," ಅಂದರು ಕೊನೆಗೆ. "ಖಂಡೇನವಮಿ ಆದಮ್ಯಾಲ ನನ್ನ ಅಂಗಡಿಗೆ ಜಾತ್ರಿ ಆಕೈತಿ. ಯಾರರ ಕೊಬ್ಬರಿ ಎಣ್ಣಿ, ಯಾರರ ತುಪ್ಪ. ಒಬ್ಬರು ದೇಸಾಯರು ನಳಿಗ್ಯಾಗ ಲಿಂಬಿಹಣ್ಣ ಹಾಕಿ ಬಡದಿದ್ರು, ದೃಷ್ಟಿ ಆಗಬಾರ್ದಂತ. ಅದನ್ನ ತಗಿಯಾಕ ನನಗ ಎಲ್ಡ ದಿನ ಹತ್ತಿತು." ನಗಲು ಹೋಗಿ ಬಿಟ್ಟರು. "ಅವರೆಲ್ಲ ಗ್ವಾಡಿಗೆ ಹಾಕಿದ ಬಂದೂಕಿನವರು. ಹಾರಿಸೂ ಪ್ರಸಂಗ ಬರಲಿಲ್ಲ, ಅಷ್ಟ."

ನಾನು ಎದ್ದೆ.

"ಕುಂದ್ರು. ನಂದೂ ಒಂದೈತಿ." ಟೋಪಿ ತೆಗೆದು ಗಾಜಿನ ಕಪಾಟಿನ ಮೇಲೆ ಇಟ್ಟರು. "ಡಿಸೆಂಬರ್ ತಿಂಗಳದಾಗ ಸಾಹೇಬ್ರ ಬಂದಿದ್ರು. ಚಕ್ರ ಬಿಗಿ ಐತಿ ನೋಡ್ರಿ ಅಂದ್ರು. ಗಿರಾಕಿ ಇದ್ರು. ಕೈಯಾಗ ಸುದ್ದಾ ಹಿಡೀಲಿಲ್ಲ ನಾ. ಹೊಸಾದು, ಸಡಲ ಆಕೈತಿ ಅಂದು ಕಳಿಸಿದ್ನಿ. ಹತ್ತು ಮಿನಿಟಿನ ಕೆಲಸ ಇತ್ತು."

ಅಂದರೆ, ಸಡಲ ಆಕೈತಿ ಅನ್ನುವ ಮಾತು ನನ್ನ ಗಂಡನದಲ್ಲ. ಇಲ್ಲಿಂದ ತಂದದ್ದು.

"ಸಹಿ ಮಾಡೂದು ಬಿಡೂದು ನಿನಗ ಬಿಟ್ಟದ್ದು," ಅಂದರು. "ನಿಮ್ಮ ಮನ್ಯಾಗ ನೀ ಏನೂ ಹೇಳಬ್ಯಾಡ. ನನ್ನ ಬಾಯಿಂದ ಹೊರಗ ಬರೂದಿಲ್ಲ. ಅಂಗಡಿ ಹೋದ್ರ ಹೋಗ್ಲಿ, ನನಗೂ ವಯಸ್ಸಾತು. ನೀ ಇನ್ನ ಆ ಮನ್ಯಾಗ ಬದುಕೂದೈತಿ."

ಅದೇ ಮಾತು ದಾರಿಯುದ್ದಕ್ಕೂ ಬಂತು. ಮೂರು ಕಡೆ ಸಹಿ ಹಾಕಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಸಹಿ ಹಾಕದಿದ್ದರೆ ಭಾವ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಹೇಳಬೇಕು. ಹೇಳಿದ ಮೇಲೆ ಆ ಮನೆಯಲ್ಲಿ ನನ್ನ ಕೈಯ ರೊಟ್ಟಿ ಯಾರು ತಿನ್ನುತ್ತಾರೆ? ತವರಿನಲ್ಲಿ ತಂದೆ ಇಲ್ಲ. ಅಣ್ಣನ ಮನೆ ಸಣ್ಣದು. ಇಷ್ಟೆಲ್ಲ ಯೋಚಿಸಿದೆ, ಆದರೆ ಬೇರೆ ಯಾರದೋ ವಿಷಯದ ಹಾಗೆ. ಬಸ್ಸು ಚೆನ್ನಮ್ಮ ಸರ್ಕಲ್ಲಿನಲ್ಲಿ ಬಹಳ ಹೊತ್ತು ನಿಂತಿತು. ಕಿಟಕಿಯ ಹೊರಗೆ ಒಬ್ಬಳು ಹೆಂಗಸು ಪೇರಲಹಣ್ಣು ಮಾರುತ್ತಿದ್ದಳು. ಎರಡು ಹೋಳು ಮಾಡಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದಳು. ಇವರಿಗೆ ಇಷ್ಟ ಅಂತ ನೆನಪಾಯಿತು. ಅಷ್ಟೇ. ಅಳು ಬರಲಿಲ್ಲ.

ಸಂಜೆ ಐದಕ್ಕೆ ಭಾವ ಬಂದರು. ಕಾಗದ ಟೇಬಲ್ಲಿನ ಮೇಲೆ ಹಾಗೇ ಇತ್ತು.

"ಇನ್ನೂ ಓದೂದು ಮುಗೀಲಿಲ್ಲೇನು?"

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಮೆಂತ್ಯ ಸೋಸುತ್ತಿದ್ದರು. ನಾನು ಭಾವನ ಎದುರು ನಿಂತೆ. ಸಿದ್ಧ ಮಾಡಿಕೊಂಡ ಮಾತು ಯಾವುದೂ ಇರಲಿಲ್ಲ.

"ಇದರಾಗ ಒಂದ ಸಾಲು ಸುಳ್ಳ ಐತ್ರಿ. ಸರಿಯಾಗಿ ಎಣ್ಣಿ ಹಾಕಿಲ್ಲ. ನಾ ಅದಕ್ಕ ಕುಸುಬಿ ಎಣ್ಣಿ ಹಚ್ಚಿದ್ನಿ. ಖಂಡೇನವಮಿಗೆ ಒಮ್ಮಿ, ಆಮ್ಯಾಲ ಮೂರು ಅಮಾಸಿಗೆ. ಅದು ಒಳಗ ಅಂಟಾಗಿ ಕುಂತೈತಿ. ಇವತ್ತ ಬಿಚ್ಚಿ ನೋಡಿ ಬಂದ್ನಿ. ಕಾಡತೂಸಿನೊಳಗೂ ಇಳದೈತಿ. ಅಂಗಡಿಯವರು ಡಿಸೆಂಬರದಾಗ ನೋಡಬೇಕಾಗಿತ್ತು, ನೋಡಲಿಲ್ಲ. ಅದು ಅವರದು. ಉಳಿದದ್ದು ನಂದು."

ಭಾವ ಕೈಯಲ್ಲಿದ್ದ ಸ್ಕೂಟರ್ ಕೀಲಿಕೈಯನ್ನೇ ನೋಡುತ್ತಿದ್ದರು.

"ಕುಸುಬಿ ಎಣ್ಣಿ," ಅಂದರು. ಅವರು ಫೌಂಡ್ರಿಯವರು. ಬಿಡಿಸಿ ಹೇಳಬೇಕಾಗಿರಲಿಲ್ಲ. "ನಮ್ಮಲ್ಲಿ ಹುಡುಗ್ರಿಗೆ ಗೊತ್ತಿರತೈತಿ ಇದು. ನೀ... ನೀ ಅದನ್ನ ಓದಿದಾಕಿ ಅಲ್ಲೇನು?"

"ಹೌದ್ರಿ. ಓದಿದ್ನಿ."

"ಓದಿ ಏನ್ ಮಾಡಿದಿ ಮತ್ತ! ಹದಿನೇಳು ವರ್ಷ ಓದಿ..."

"ಈರಣ್ಣ," ಅಂದರು ಅತ್ತೆ.

ಮೆಂತ್ಯದ ತಟ್ಟೆಯನ್ನು ಬದಿಗೆ ಸರಿಸಿ, ಮೊಣಕಾಲ ಮೇಲೆ ಕೈಯೂರಿ ಎದ್ದರು. ಟೇಬಲ್ಲಿನ ಹತ್ತಿರ ಬಂದು ಕಾಗದವನ್ನು ನೋಡಿದರು. ಅವರಿಗೆ ಓದಲು ಬರುವುದಿಲ್ಲ.

"ಆಕಿಗೆ ಯಾಕ ಬೈತಿ? ನಾನ ಹೇಳಿದ್ನಿ. ಪೂಜಿ ಆಗಿಂದ, ಗಂಗಾ, ಹಸಿ ಐತಿ, ಡಬ್ಬ್ಯಾಗಿನ ಎಣ್ಣಿ ತಗೊಂಡು ಒರಸಿ ಇಡು ಅಂತ. ಈಳಿಗಿಗೆ, ಕುಡಗೋಲಿಗೆ ನಾ ಹಚ್ಚೂದು ಅದನ್ನ ಅಲ್ಲೇನು? ನಮ್ಮ ಅತ್ತಿ ಹಚ್ಚತಿದ್ಲು, ನಾ ಹಚ್ಚತೀನಿ, ಆಕೀಗೂ ಹೇಳಿದ್ನಿ." ನನ್ನ ಕಡೆ ತಿರುಗಿದರು. "ಹೇಳಿದ್ನಿಲ್ಲೋ?"

ಹೇಳಿರಲಿಲ್ಲ. ಅವರು ಆ ಹೊತ್ತಿಗೆ ಮಠದಲ್ಲಿದ್ದರು. ನಾನು ಎಣ್ಣೆ ಹಚ್ಚಿದ್ದು ಅವರಿಗೆ ಈಗ ಗೊತ್ತಾದದ್ದು.

ಅವರ ಬೆರಳ ತುದಿ ಮೆಂತ್ಯದಿಂದ ಹಸಿರಾಗಿತ್ತು. ಕಣ್ಣು ಮಾತ್ರ ನನ್ನ ಮೇಲಿಂದ ಸರಿಯಲಿಲ್ಲ. ಸತ್ತವನು ಅವರ ಮಗ.

ಭಾವ ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ತಾಯಿಗೆ ಏನೂ ಅನ್ನಲು ಅವರಿಗೆ ಬರುವುದಿಲ್ಲ. ಆಮೇಲೆ ಮೂರೂ ಪ್ರತಿಗಳನ್ನು ಎತ್ತಿ ಮಡಚಿದರು. ಹರಿಯಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡರು. "ವಕೀಲರಿಗೆ ಹೇಳ್ತೀನಿ," ಅಂದರು. ಸ್ಕೂಟರಿನ ಸಪ್ಪಳ ಬಹಳ ಹೊತ್ತಿನ ಮೇಲೆ ಕೇಳಿಸಿತು.

ಅತ್ತೆ ಮತ್ತೆ ಬಾಗಿಲಲ್ಲಿ ಕುಳಿತರು. ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

"ಕೇಳಿದ್ನೆಲ್ಲ, ಬಾಯಿ ಬಿಡವಲ್ಲಿ. ಹೇಳಿದ್ನಿಲ್ಲೋ?"

"ಹೂಂ," ಅಂದೆ. "ಹೇಳಿದ್ರಿ."

ಅವರ ಎದುರು ಕುಳಿತು ನಾನೂ ಒಂದು ಹಿಡಿ ಮೆಂತ್ಯ ತಗೊಂಡೆ.